ಕುಬಿಹಾಳದ ಬಾವಿಯಿಂದ ಕಡಲ ನಡುಗಡ್ಡೆಗೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕುಬಿಹಾಳದ ಹೊರಗೆ, ತೋಟದ ದುಂಡನೆಯ ಬಾವಿಯ ಮೆಟ್ಟಿಲ ಮೇಲೆ ಕೆಂಚವ್ವ ಸೀರೆಗೆ ಕಚ್ಚೆ ಬಿಗಿದು ನಿಂತಿದ್ದಾರೆ. ನಿನ್ನೆ ಸಂಜೆ ಯಾರದೋ ತಾಮ್ರದ ಕೊಡ ಹಗ್ಗ ಹರಿದುಕೊಂಡು ತಳ ಸೇರಿದೆ. ಅವರು ಬಾಯಲ್ಲಿದ್ದ ಎಲೆಯಡಿಕೆಯನ್ನು ದೂರ ಹೋಗಿ ಉಗುಳಿ ಬಂದು, ನೀರಿಗೆ ಕೈ ಮುಗಿದು, ಸದ್ದಿಲ್ಲದೆ ಮುಳುಗುತ್ತಾರೆ. ಮೊಣಕಾಲುದ್ದ ನೀರಿಗೂ ಅಂಜುವ ನಾನು ದಂಡೆಯ ಮೇಲೆ ನಿಂತು ಅವರ ಜೊತೆಗೇ ಉಸಿರು ಹಿಡಿಯುತ್ತೇನೆ. ನನ್ನ ಉಸಿರು ಮುಗಿಯುತ್ತದೆ. ಮತ್ತೆ ಹಿಡಿಯುತ್ತೇನೆ, ಅದೂ ಮುಗಿಯುತ್ತದೆ. ಇನ್ನು ಯಾರನ್ನಾದರೂ ಕೂಗಬೇಕು ಅನ್ನುವಷ್ಟರಲ್ಲಿ ಮೊದಲು ಕೊಡ, ಆಮೇಲೆ ಕೈ, ಆಮೇಲೆ ಮುಖ ಮೇಲೆ ಬರುತ್ತದೆ. ಐವತ್ತು ದಾಟಿದ ಆ ಮುಖದಲ್ಲಿ ದಣಿವಿನ ಗುರುತೇ ಇಲ್ಲ.

"ಕೆಳಗ ಅಗದಿ ಥಂಡಿ ಐತ್ರಿ" ಅನ್ನುತ್ತಾರೆ, ಹಿತ್ತಲಿಗೆ ಹೋಗಿ ಬಂದವರ ಹಾಗೆ.

ಕೆಂಚವ್ವನವರದು ಕುರಿ ಸಾಕುವ ಮನೆತನ. ಉಣ್ಣೆ ಕತ್ತರಿಸುವ ಮೊದಲು ಮೈ ತೊಳೆಯಲು ಕುರಿಗಳನ್ನು ಹಳ್ಳದ ಮಡುವಿಗೆ ಇಳಿಸುವುದುಂಟು. ಸಣ್ಣವರಿದ್ದಾಗ ಕುರಿಗಳ ಜೊತೆ ತಾವೂ ಇಳಿದು ಈಜು ಕಲಿತವರು ಇವರು. ಈಗ ಗಂಡ ವರ್ಷದ ಅರ್ಧ ಭಾಗ ಹಿಂಡಿನ ಬೆನ್ನು ಹತ್ತಿ ಊರೂರು ತಿರುಗುತ್ತಾರೆ, ಕೆಂಚವ್ವ ಕಳೆ ತೆಗೆಯಲು, ಹತ್ತಿ ಬಿಡಿಸಲು ಹೋಗುತ್ತಾರೆ. ಜೊತೆಗೆ ಈ ಕೆಲಸ. ಸುತ್ತಲಿನ ಹಳ್ಳಿಗಳ ಬಾವಿಗೆ ಏನು ಬಿದ್ದರೂ ಕರೆ ಬರುವುದು ಇವರಿಗೇ. ಕೊಡ, ಬಕೆಟ್ಟು, ಕಾಲುಂಗುರ, ಒಮ್ಮೆ ಒಂದು ಜೀವಂತ ಆಡು. ಕೂಲಿಯೆಂದರೆ ಉಡಿಯ ತುಂಬ ಜೋಳ. ಇಂಥದೊಂದು ಕಸುಬು ಇದೆಯೆಂಬುದೇ ನಲ್ಲಿಯ ಕೆಳಗೆ ಕೊಡ ಇಡುವ ಹುಬ್ಬಳ್ಳಿಯ ನನಗೆ ಗೊತ್ತಿರಲಿಲ್ಲ.

ಈ ವಾರವಂತೂ ಊರಿನ ಕಟ್ಟೆಕಟ್ಟೆಯ ಮೇಲೂ ಕೆಂಚವ್ವನದೇ ಮಾತು. ಕಡಲನ್ನು ಕಂಡೇ ಇಲ್ಲದ ಈ ಎರೆಭೂಮಿಯ ಮಹಿಳಾ ಮಂಡಳದವರು ಸೋಮವಾರ ಕಾರವಾರದ ಎದುರಿನ ಒಂದು ನಡುಗಡ್ಡೆಗೆ ಹೊರಟಿದ್ದಾರೆ. ಸುಗ್ಗಿ ಮುಗಿದು ಯುಗಾದಿ ಬರುವುದರೊಳಗಿನ ಬಿಡುವಿನಲ್ಲಿ ನಾಲ್ಕು ದಿನ. ಸುಮ್ಮನೆ ನೋಡಿ ಬರಲಿಕ್ಕಲ್ಲ. ಹುಟ್ಟು ಹಾಕಿ ದೋಣಿ ನಡೆಸಬೇಕು, ಗುಡ್ಡ ಹತ್ತಬೇಕು, ದೋಣಿಯಿಂದ ಜಿಗಿದು ದಂಡೆಗೆ ಈಜಬೇಕು. ಮಂಡಳದ ಅಧ್ಯಕ್ಷೆ ಸುಶೀಲವ್ವನವರ ತಮ್ಮ ಕಾರವಾರದಲ್ಲಿ ನೌಕರಿಗಿದ್ದಾನೆ. ದೋಣಿ, ತಂಗುವ ಜಾಗ ಎಲ್ಲ ಅವನೇ ಗೊತ್ತು ಮಾಡಿದ್ದಾನೆ. ಕಟಕ ರೊಟ್ಟಿ, ಶೇಂಗಾ ಹಿಂಡಿ ಡಬ್ಬಿಗಳಿಗೆ ಬಿದ್ದಿವೆ. ಅಷ್ಟು ದೂರ ಹೋಗುವುದಿದ್ದರೆ ಯಾವುದಾದರೂ ಕ್ಷೇತ್ರಕ್ಕೆ ಹೋಗಿ ಎಂದು ಗಂಡಸರು ಹೇಳಿ ನೋಡಿದರಂತೆ.

"ವರ್ಷಾನಗಟ್ಟಲೆ ದುಡದು ದಣದೇವ್ರಿ. ಒಮ್ಮೆ ಆಡಿ ದಣದು ಬರೂಣು ಅಂತ" ಎಂದು ಸುಶೀಲವ್ವ ಗಂಡಸರಿಗೆ ಕೊಟ್ಟ ಉತ್ತರವನ್ನೇ ನನಗೂ ಕೊಡುತ್ತಾರೆ.

ಅವರ ಗಂಡ ಕುಬೇರಪ್ಪ ಊರಿನ ಹಿರಿಯರು. ಕೊನೆಗೆ ಅವರು ಒಂದೇ ಷರತ್ತು ಹಾಕಿದ್ದಾರೆ. ಇವರಿಗೆಲ್ಲ ಈಜು ಕಲಿಸಿದ ಕೆಂಚವ್ವ ಹೂಂ ಅಂದರೆ ಬಸ್ಸು, ಉಹೂಂ ಅಂದರೆ ಡಬ್ಬಿಯ ರೊಟ್ಟಿಯನ್ನು ಮನೆಯಲ್ಲೇ ಕೂತು ತಿನ್ನುವುದು. ಇವತ್ತು ಶನಿವಾರ. ಕೆಂಚವ್ವ ಇನ್ನೂ ಹೂಂ ಅಂದಿಲ್ಲ.

ಹೊತ್ತು ಏರುವ ಮೊದಲೇ ಹೆಂಗಸರು ಒಬ್ಬೊಬ್ಬರಾಗಿ ಬಾವಿಗೆ ಬರುತ್ತಾರೆ, ಬೆನ್ನಿಗೆ ಕಟ್ಟಿಕೊಳ್ಳಲು ಒಣಗಿದ ಸೋರೆಬುರುಡೆ ಹಿಡಿದು. ಇಲ್ಲಿ ಎಲ್ಲರೂ ಈಜು ಕಲಿಯುವುದು ಬುರುಡೆಯ ಆಸರೆಯಲ್ಲೇ. ಕಲಿತ ಮೇಲೆ ಸಣ್ಣ ಬುರುಡೆ, ಆಮೇಲೆ ಬರೀ ಬೆನ್ನು. ಪಾಠದ ಹೊತ್ತಿನಲ್ಲಿ ಗಂಡಸರು ಬಾವಿಯ ಕಡೆ ಮುಖ ಮಾಡುವಂತಿಲ್ಲ. ಪತ್ರಿಕೆಯವನೆಂಬ ನನ್ನ ಬಿಂಕ ಇಲ್ಲಿ ನಡೆಯುವುದಿಲ್ಲ. ನನ್ನನ್ನು ಬಣವೆಯ ಕಡೆ ಮುಖ ಮಾಡಿ ಕೂರಿಸಿದ್ದಾರೆ. ಹಾಗಾಗಿ ಈ ಲೇಖನದ ಮುಖ್ಯ ಭಾಗ ನಾನು ಕಿವಿಯಿಂದ ಕಂಡದ್ದು.

ಕಲಿಸಲು ಶುರು ಮಾಡಿದ್ದು ಯಾಕೆ ಎಂದು ಕೇಳಿದ್ದೆ. ಕೊಡ ಬಕೆಟ್ಟುಗಳ ಮಾತಾಡುವಾಗ ನಗುತ್ತಿದ್ದ ಕೆಂಚವ್ವ ಆಗ ನಗು ಬಿಟ್ಟು ಸೀರೆಯ ಸೆರಗು ಹಿಂಡತೊಡಗಿದರು. ಬಾವಿಗೆ ಮನುಷ್ಯರೂ ಬೀಳುತ್ತಾರೆ. ಅವರನ್ನು ಮೇಲೆ ತರಲಿಕ್ಕೂ ಬರುವುದು ಇವರ ಮನೆಯ ಬಾಗಿಲಿಗೇ. ಕೆಲವು ವರ್ಷಗಳ ಹಿಂದೆ ಹತ್ತಿರದ ಹಳ್ಳಿಯಲ್ಲಿ, ಹೊಸದಾಗಿ ಗಂಡನ ಮನೆಗೆ ನಡೆಯಲು ಬಂದ ಸೊಸೆಯೊಬ್ಬಳು ನೀರು ಸೇದಲು ಹೋಗಿ ಪಾಚಿಯ ಮೇಲೆ ಕಾಲು ಜಾರಿದ್ದಳು.

"ಮೆಟ್ಲಾ ಅಗದಿ ಮಗ್ಗಲದಾಗ ಇತ್ರಿ ಅಣ್ಣಾರ. ಎರಡ ಸಲ ಕೈ ಬಡದಿದ್ರ ಸಾಕಿತ್ತು. ಯಾರೂ ಕಲಿಸಿದ್ದಿಲ್ಲ ಆಕಿಗೆ."

ಆ ವಾರವೇ ತಮ್ಮ ಓಣಿಯ ಹುಡುಗಿಯರನ್ನು ನೀರಿಗಿಳಿಸಿದರಂತೆ. ಅಂದಿನಿಂದ ಇಂದಿನವರೆಗೆ ಕಲಿಸಿದ್ದಕ್ಕೆ ಒಂದು ಕಾಳು ಜೋಳವನ್ನೂ ಮುಟ್ಟಿಲ್ಲ. ಇದನ್ನು ಬರೆಯುವಾಗ ನನ್ನ ಮೈ ಜುಮ್ಮೆನ್ನುತ್ತದೆ. ಅವರಿಗೆ ಮಾತ್ರ ಇದರಲ್ಲಿ ಬರೆಯುವಂಥದು ಏನಿದೆ ಅನ್ನುವುದೇ ತಿಳಿಯದು.

ಇಷ್ಟೆಲ್ಲ ಆದರೂ ಹೂಂ ಯಾಕಿಲ್ಲ? ಅದನ್ನು ಹೇಳಿದವರು ಸುಶೀಲವ್ವ, ಹೊಟ್ಟೆ ಹಿಡಿದು ನಗುತ್ತ. ತಿಂಗಳ ಹಿಂದೆ ಅಗಲ ನೀರಿನ ರೂಢಿಯಾಗಲಿ ಎಂದು ಎಲ್ಲರೂ ಟ್ರ್ಯಾಕ್ಟರ್ ಹತ್ತಿ ಕಲಘಟಗಿಯ ಕಡೆ, ದೇವಿಕೊಪ್ಪದ ಹತ್ತಿರದ ಕೆರೆಗೆ ಹೋದರು. ಎದುರಿನ ದಂಡೆ ಮುಟ್ಟಬೇಕೆಂದು ಉತ್ಸಾಹದಿಂದ ಇಳಿದರು. ಸ್ವಲ್ಪ ಮುಂದೆ ಹೋದವರೇ ಒಬ್ಬರ ಹಿಂದೊಬ್ಬರು ಎಡಕ್ಕೆ ತಿರುಗಿದರು, ಇನ್ನೂ ಎಡಕ್ಕೆ ತಿರುಗಿದರು, ಕಣದಲ್ಲಿ ಮೇಟಿ ಕಂಬ ಸುತ್ತುವ ಎತ್ತುಗಳ ಹಾಗೆ ಸುತ್ತಿ ಹೊರಟಲ್ಲಿಗೇ ಬಂದು ನಿಂತರು. ವರ್ಷಗಟ್ಟಲೆ ದುಂಡು ಬಾವಿಯಲ್ಲೇ ಈಜಿದವರಿಗೆ ಗೋಡೆ ಸುತ್ತುವುದೇ ಈಜು. ನೆಟ್ಟಗೆ ಹೋಗಿ ಗೊತ್ತೇ ಇಲ್ಲ. ಕೆರೆಯ ದಂಡೆಯ ದನಕಾಯುವವರು ನಕ್ಕರು, ಇವರೂ ನಕ್ಕರು. ಕೆಂಚವ್ವ ನಗಲಿಲ್ಲ. ಎಲ್ಲರಿಗಿಂತ ಮುಂದೆ ಸುತ್ತಿದವರು ಅವರೇ ಆಗಿದ್ದರು.

ಬಾವಿಯಲ್ಲಿ ದಣಿದರೆ ಗೋಡೆ ಇದೆ, ಸಮುದ್ರದಲ್ಲಿ ಯಾವ ಗೋಡೆ ಹಿಡಿಯುತ್ತಾರೆ ಎಂದು ಅವರು ಅಂದೇ ನಡುಗಡ್ಡೆಯ ಮಾತು ನಿಲ್ಲಿಸಿಬಿಟ್ಟರು. ಆದರೆ ಮುಂದಿನ ವಾರ ಒಬ್ಬರೇ ಬಸ್ಸು ಹತ್ತಿ ಅದೇ ಕೆರೆಗೆ ಹೋದರು. ಕುರಿಗಳ ನಡುವೆ ಕಲಿತ ಈಜನ್ನು ಈ ವಯಸ್ಸಿನಲ್ಲಿ ಮೊದಲಿನಿಂದ ಕಲಿತರು. ಆಚೆ ದಂಡೆಯ ಒಂದು ಮರವನ್ನು ಆರಿಸಿಕೊಳ್ಳುವುದು, ಕೈ ಬಡಿಯುತ್ತ ಅದರ ಮೇಲಿಂದ ಕಣ್ಣು ತೆಗೆಯದಿರುವುದು. ತಮಗೆ ಬಂದ ಮೇಲೆ ಮಂದಿಯನ್ನು ಮತ್ತೆ ಟ್ರ್ಯಾಕ್ಟರ್ ಹತ್ತಿಸಿದರು. ಈಗ ಎಲ್ಲರೂ ಆ ದಂಡೆ ಮುಟ್ಟುತ್ತಾರೆ. ಉಳಿದವಳು ರೇವವ್ವ ಒಬ್ಬಳೇ, ಸುಶೀಲವ್ವನವರ ಸೊಸೆ. ಈಜು ಚೆನ್ನಾಗಿ ಬರುತ್ತದೆ, ಬುರುಡೆ ಬಿಚ್ಚಲು ಮಾತ್ರ ಎದೆ ಇಲ್ಲ. ಅವಳೊಬ್ಬಳನ್ನು ಬಿಟ್ಟು ಹೋಗುವುದಕ್ಕೆ ಮಂಡಳದ ಯಾರೂ ಒಪ್ಪಿಲ್ಲ.

ನನ್ನ ಬೆನ್ನ ಹಿಂದೆ ನೀರಿನ ಸದ್ದು ನಿಲ್ಲುತ್ತದೆ. ಮಾತೂ ನಿಲ್ಲುತ್ತದೆ. ಕೆಂಚವ್ವನ ದನಿಯೊಂದೇ, ಅವಸರವಿಲ್ಲದ್ದು.

"ಬುರುಡಿ ಬಿಡು ತಂಗಿ. ನಾ ಇಲ್ಲೇ ಅದೀನಿ."

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಕಲ್ಲಿನ ಮೇಲೆ ಟೊಳ್ಳು ಬುರುಡೆಯೊಂದು ಬಂದು ಬಿದ್ದ ಸದ್ದು. ಕೈ ಬಡಿಯುವ ಸದ್ದು, ಮೊದಲು ಗಡಿಬಿಡಿಯದು, ಬರಬರುತ್ತ ಒಂದೇ ಸಮನಾದದ್ದು. ನನಗೆ ಕಣ್ಣೀರು ಬಂದದ್ದನ್ನು ಬಣವೆಯೊಂದೇ ನೋಡಿತು.

ಬಿಸಿಲು ಬಲಿತ ಮೇಲೆ ಕುಬೇರಪ್ಪ ತೋಟಕ್ಕೆ ಬರುತ್ತಾರೆ. ಸೊಸೆಯ ಒದ್ದೆ ತಲೆ, ಖಾಲಿ ಬೆನ್ನು ನೋಡಿ, ಏನು ಹೇಳುತ್ತೀ ಎಂದು ಕೆಂಚವ್ವನನ್ನೇ ಕೇಳುತ್ತಾರೆ. ಕೆಂಚವ್ವ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಾರೆ.

"ಹೋಗಲ್ರೀ ಅಪ್ಪಾರ. ಆದ್ರ ನಾನೂ ಸಂಗಾಟ ಹೋಗಾಕಿ."

ಸುಶೀಲವ್ವ ಆಗಲೇ ಇನ್ನೊಬ್ಬರ ರೊಟ್ಟಿಯ ಲೆಕ್ಕ ಹಾಕುತ್ತಿದ್ದಾರೆ. ಹೊರಡುವ ಮುನ್ನ ನಾನು, ನಡುಗಡ್ಡೆಯಲ್ಲಿ ಏನು ಮಾಡುವ ಆಸೆ ಎಂದು ಕೆಂಚವ್ವನನ್ನು ಕೇಳುತ್ತೇನೆ. ಅವರು ಕೊಡವನ್ನು ಸೊಂಟಕ್ಕೇರಿಸುತ್ತಾರೆ.

"ಎಲ್ಲಾರೂ ದಂಡಿ ಹತ್ತಿದ್ಮ್ಯಾಲ ನಾ ಒಬ್ಬಾಕಿ ತಿರಗಿ ನೀರಿಗೆ ಇಳೀಬೇಕು ಅನ್ಕೊಂಡೀನ್ರಿ. ಅಲ್ಲಿ ತಳದಾಗ ಯಾರನ್ನೂ ಹುಡುಕೂದು ಇರಂಗಿಲ್ಲಲ್ಲ."