ಮಂಡಕ್ಕಿ ಅರಳದ ಮೂರು ವಾರ

ಮೊನ್ನೆ ಬೆಳಿಗ್ಗೆ ನನ್ನ ಸೊಸೆ ಸವಿತಾ ಸ್ನಾನ ಮುಗಿಸಿ ತಲೆ ಹಿಡಿದುಕೊಂಡು ಬಚ್ಚಲಿನಿಂದ ಬಂದಳು. "ತಲೆ ತಿರುಗ್ತೈತೆ ಅತ್ತೆ" ಅಂದಳು.

"ಕಣ್ಣು ಬಿಟ್ಟಾಗಿಂದ ಮೊಬೈಲ್ ನೋಡಿದ್ರೆ ತಲೆ ತಿರುಗದೆ ಕಾಲು ತಿರುಗ್ತೈತಾ?" ಅಂದೆ. ನನ್ನ ಬಾಯಿ ಹಂಗೇ. ನಾಲ್ಕು ದಿನದ ಹಿಂದೆ ನೀರು ಸರಿಯಾಗಿ ಕಾಯುತ್ತಿಲ್ಲ ಅಂದಾಗಲೂ, ನಲ್ಲಿ ಅಷ್ಟು ತಿರುವಿದರೆ ಯಾವ ಗೀಜರ್ ತಾನೆ ಕಾಯಿಸುತ್ತದೆ ಅಂತ ಅವಳ ಮೇಲೇ ಹಾಕಿದ್ದೆ.

ಆಮೇಲೆ ಬಟ್ಟೆ ತೊಳೆಯಲು ನಾನು ಬಚ್ಚಲಿಗೆ ಹೋದೆ. ನಲ್ಲಿ ತಿರುವಿದೆ, ಗ್ಯಾಸ್ ಗೀಜರ್ ಹೊತ್ತಿಕೊಂಡಿತು, ಮೂಗಿಗೆ ಮಸಿ ವಾಸನೆ ಬಡಿಯಿತು. ಬಗ್ಗಿ ನೋಡಿದರೆ, ನೀಲಿ ಇರಬೇಕಾದ ಉರಿ ಹಳದಿಯಾಗಿ ಕುಡುಕನಂತೆ ತೂರಾಡುತ್ತಿದೆ. ಮೇಲಿನ ಬಿಳಿ ಟೈಲ್ಸಿಗೆ ಕಪ್ಪು ಹಿಡಿದಿದೆ. ತಟ್ಟನೆ ಆರಿಸಿ ಹೊರಗೆ ಬಂದೆ. ಎಸ್.ಎಸ್. ಬಡಾವಣೆಯ ಈ ಮನೆಯಲ್ಲಿ ಎಷ್ಟೋ ವರ್ಷದ ಮೇಲೆ ನನ್ನ ಅತ್ತೆ ನೆನಪಾದಳು. ಪ್ರೀತಿಯಿಂದಲ್ಲ, ತಪ್ಪು ತಿಳಿಯಬೇಡಿ.

ಹರಿಹರದಿಂದ ಮದುವೆಯಾಗಿ ಆನೆಕೊಂಡಕ್ಕೆ ಬಂದವಳು ನಾನು. ಗಂಡನ ಮನೆಯ ಹಿತ್ತಲಲ್ಲಿ ಮಂಡಕ್ಕಿ ಭಟ್ಟಿ. ಸಂಜೆ ಮೆಣಸಿನಕಾಯಿ ಜೊತೆ ಮಂಡಕ್ಕಿ ತಿನ್ನುವ ನಿಮಗೆ ಅದು ಬಾಯಿಗೆ ಹಗುರ. ಅದನ್ನು ಹುರಿಯುವವರ ಬೆನ್ನು ಕೇಳಿ. ಕೆಳಗೆ ಭತ್ತದ ಹೊಟ್ಟಿನ ಬೆಂಕಿ, ಮೇಲೆ ಬಾಣಲೆಯಲ್ಲಿ ಕಾದ ಮರಳು. ಉಪ್ಪುನೀರು ಹಿಡಿಸಿದ ಅಕ್ಕಿ ಅದರೊಳಗೆ ಬಿದ್ದ ಕೂಡಲೇ ಅರಳಬೇಕು. ಹೊಗೆ ತಗಡಿನ ಚಿಮಣಿ ಹತ್ತಿ ಸೂರಿನ ಮೇಲಕ್ಕೆ ಹೋಗಬೇಕು.

ನಾನು ಬಂದ ಎರಡನೇ ದಿನದಿಂದ ಮಂಡಕ್ಕಿ ಅರಳುವುದು ನಿಂತಿತು. ಅರ್ಧ ಅರಳಿ, ಅರ್ಧ ಕಲ್ಲು. ಮೊದಲು ಅಕ್ಕಿಯವನಿಗೆ ಬೈದರು. ಆಮೇಲೆ ಉಪ್ಪಿಗೆ. ಮರಳು ಬದಲಾಯಿಸಿದರು. ಬೈಯಲು ಮತ್ತೇನೂ ಉಳಿಯದೆ ಹೋದಾಗ ನಾನು ಉಳಿದೆ.

"ಇವಳ ಕೈಗುಣ," ಅಂದಳು ಅತ್ತೆ. "ಕೈ ಮುಟ್ಟಿ ನೋಡ್ರಿ, ಮಂಜಿನಂಗೈತೆ. ಅಕ್ಕಿ ಹೆಂಗೆ ಅರಳ್ತೈತೆ?" ನನ್ನ ಗಂಡ ಮೀಸೆ ಸವರಿಕೊಂಡ. ಆ ಮನುಷ್ಯನಿಗೆ ಚೆನ್ನಾಗಿ ಬರುತ್ತಿದ್ದ ಕೆಲಸ ಅದೊಂದೇ.

ಮೂರನೇ ವಾರ ಹರಿಹರಕ್ಕೆ ಹೇಳಿಕಳಿಸಿದರು, ಭಟ್ಟಿ ಸರಿಹೋಗುವ ತನಕ ಮಗಳನ್ನ ಕರ್ಕೊಂಡು ಹೋಗ್ರಿ ಅಂತ. ಹಂಗೆ ಹೋದ ಹುಡುಗಿಯರು ಬೇಗ ತಿರುಗಿ ಬರುತ್ತಿರಲಿಲ್ಲ. ನನ್ನ ಹಿಂದೆ ಇಬ್ಬರು ತಂಗಿಯರು ಮದುವೆಗಿದ್ದರು. ಅಕ್ಕ ಭಟ್ಟಿ ಆರಿಸಿ ಬಂದವಳು ಅಂದರೆ ಅವರನ್ನು ಯಾರು ಕೇಳುತ್ತಾರೆ?

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಮೂರು ವಾರ ಆ ಭಟ್ಟಿಯ ಬಾಯಿಗೇ ಮುಖ ಕೊಟ್ಟು ಕೂತಿದ್ದೆನಲ್ಲ. ಮೊದಲ ದಿನ ಬೆಂಕಿ ಬುಸುಗುಟ್ಟುತ್ತಿತ್ತು, ಈಗ ಸದ್ದೇ ಇಲ್ಲ. ಉರಿ ಮಂಕಾಗಿ ಕೆಂಪಗೆ ಕೂತಿದೆ. ಹೊಟ್ಟು ಎಷ್ಟು ಸುರಿದರೂ ಸಾಲದು. ಹೊಗೆ ಮೇಲೆ ಹೋಗದೆ ನನ್ನ ಮುಖಕ್ಕೇ ಬರುತ್ತದೆ. ಸಂಜೆಗೆ ತಲೆ ಗುಂಡುಕಲ್ಲು, ಬಯಲಿಗೆ ಬಂದರೆ ಹಗುರ.

"ಅತ್ತೆ, ನನ್ನ ಕಳ್ಸೋಕೆ ಮುಂಚೆ ಭಟ್ಟಿ ಮೇಸ್ತ್ರಿನ ಕರೆಸ್ರಿ. ಕೆಟ್ಟಿರೋದು ನಾನಲ್ಲ, ಅದು" ಅಂದೆ.

"ಬಾಯಿ ನೋಡು ಇವಳ್ದು!" ಅಂದಳು. ಆದರೂ ಕರೆಸಿದಳು. ನಾನು ಹೋದ ಮೇಲೂ ಅರಳದಿದ್ದರೆ ಅಂತ ಒಳಗೊಳಗೇ ಹೆದರಿಕೆ ಇತ್ತೇನೋ.

ಆನೆಕೊಂಡದ ಅರ್ಧ ಭಟ್ಟಿಗಳನ್ನು ಕಟ್ಟಿದ್ದ ಖಾದರ್ ಸಾಬರು ಬಂದಾಗ, ನಮ್ಮಪ್ಪ ಹರಿಹರದ ಬಸ್ಸಿಳಿದು ಬಂದು ನನ್ನ ಟ್ರಂಕಿನ ಪಕ್ಕ ಕೂತಿದ್ದ. ಸಾಬರು ಒಂದು ಹಿಡಿ ಹೊಟ್ಟು ಎಸೆದರು. ಹೊಗೆ ವಾಪಸ್ ಬಂದು ಅವರ ಗಡ್ಡ ಸವರಿತು. "ಇದ್ಕೆ ಉಸಿರು ಕಟ್ಟೈತಮ್ಮ" ಅಂದು ಏಣಿ ಹತ್ತಿದರು. ಸೂರಿನ ಮೇಲಿಂದ ಕೂಗಿದರು:

"ಅಮ್ಮಾ, ಚಿಮಣಿಗೆ ಟೋಪಿ ಹಾಕ್ದೋರು ಯಾರು?"

ಅವರ ಕೈಯಲ್ಲಿ ಸುಣ್ಣದ ಬೊಟ್ಟಿಟ್ಟ ಕರಿ ಗಡಿಗೆ! ಭಟ್ಟಿಗೆ ವ್ಯಾಪಾರ, ಮನೆಗೆ ಸೊಸೆ, ಎರಡೂ ಒಟ್ಟಿಗೆ ಬಂದವು, ಯಾರ ಕಣ್ಣೂ ಬೀಳದಿರಲಿ ಅಂತ ಮದುವೆಯ ವಾರ ನಮ್ಮತ್ತೆಯೇ ಚಿಮಣಿ ಪಕ್ಕ ಕೋಲಿಗೆ ಕಟ್ಟಿಸಿದ್ದ ದೃಷ್ಟಿ ಗಡಿಗೆ. ಗಾಳಿಗೆ ಕೋಲು ವಾಲಿ, ಗಡಿಗೆ ಚಿಮಣಿಯ ಬಾಯಿ ಮೇಲೆ ಬೋರಲಾಗಿ ಕೂತಿತ್ತು.

ಎಲ್ಲರೂ ಅತ್ತೆಯ ಮುಖ ನೋಡಿದರು. "ಗಡಿಗೆ ಗಟ್ಟಿಯೈತೆ, ಒಳಗಿಡ್ರಿ" ಅಂದಳು. ಅಷ್ಟೇ. ಮಂಡಕ್ಕಿ ಪಟಪಟ ಅರಳಿತು, ನಮ್ಮಪ್ಪನ ಮುಂದೆ ಒಂದು ಮೊರ ತುಂಬ ಬಂತು, ಟ್ರಂಕು ಒಳಗೆ ಹೋಯಿತು. ಸಾಯುವ ತನಕ ಆಕೆ ತಪ್ಪು ನಂದು ಅನ್ನಲಿಲ್ಲ. ನಾನೂ ಏನು ಕಡಿಮೆಯವಳಲ್ಲ, ಆಕೆ ಬೈದಾಗಲೆಲ್ಲ ಚಿಮಣಿ ಕಡೆ ಕತ್ತೆತ್ತಿ ನೋಡುತ್ತಿದ್ದೆ.

ಅದಕ್ಕೇ ಮೊನ್ನೆ ಗೀಜರ್ ರಿಪೇರಿಯವರನ್ನು ನಾನೇ ಕರೆಸಿದೆ. ಅವರ ಮುಂದೆ ನನ್ನ ಭಟ್ಟಿ ವಿದ್ಯೆಯನ್ನೆಲ್ಲ ಹೇಳಿದೆ. ಹಳದಿ ಉರಿ, ಮಸಿ, ತಲೆ ಸುತ್ತು. "ಸರಿಯಾಗಿ ಗುರುತಿಸೀರಿ ಅಜ್ಜಿ" ಅಂದರು. ನಾನು ಸವಿತಾ ಕಡೆ ನೋಡಿದೆ, ಕೇಳಿಸಿತಾ ಅನ್ನುವ ಹಂಗೆ.

ಅವರು ಮಸಿ ಕೆರೆದು, "ಗಾಳಿ ಕಿಂಡಿ ಎಲ್ಲೈತ್ರಿ?" ಅಂತ ಸ್ಟೂಲ್ ಹತ್ತಿದರು. ಮೇಲಿನ ಕಿಂಡಿಗೆ ಕೈ ಹಾಕಿ ಎಳೆದರು. ಹಸಿರು ಬಟ್ಟೆ ಬಂತು. ಇನ್ನೂ ಎಳೆದರು, ಇನ್ನೂ ಬಂತು. ಪೂರಾ ಒಂದು ಸೀರೆ.

"ಬಾಗಿಲು ಹಾಕ್ಕೊಂಡು ಇನ್ನೊಂದಿಷ್ಟು ಹೊತ್ತು ಒಳಗಿದ್ದಿದ್ರೆ ಇವರು ಅಲ್ಲೇ ಬಿದ್ದು ಹೋಗ್ತಿದ್ರು. ಯಾರ್ರೀ ಇದನ್ನ ತುರುಕಿದ್ದು?"

ಚಳಿಗಾಲದಲ್ಲಿ ಬೆನ್ನಿಗೆ ಗಾಳಿ ಹೊಡೆಯುತ್ತದೆ ಅಂತ ತುರುಕಿದವಳು ಯಾರು ಅಂತ ಆ ಸೀರೆಯೇ ಹೇಳುತ್ತಿತ್ತು. ಸವಿತಾ ಕತ್ತೆತ್ತಿ ಕಿಂಡಿಯ ಕಡೆ ನೋಡಿದಳು.

ಸೀರೆ ಗಟ್ಟಿಯೈತೆ, ಒಳಗಿಡು. ಈ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ದೇವರಾಣೆ. ನುಂಗಿದೆ.

"ನಾನೇ ತುರುಕಿದ್ದು," ಅಂದೆ. "ತಪ್ಪು ನಂದು. ಮೊಬೈಲಿಂದಲ್ಲ."

ಸವಿತಾ ಸೀರೆ ಎತ್ತಿಕೊಂಡಳು. "ಇದನ್ನ ಒಗ್ದು ಹಾಕ್ಲಾ ಅತ್ತೆ?"

"ಹಾಕು."

"ಬಿಸಿನೀರಾಗಾ?"

ಬಾಯಿ ನೋಡು ಇವಳ್ದು!