ರೂಹೆಸ್ಟೈನ್ ಏರಿನಲ್ಲಿ ಹೇಳಿದ್ದು

ಆ ಶನಿವಾರ ಬೆಳಿಗ್ಗೆ ಹೈಡೆಲ್‌ಬರ್ಗ್ ನಿಲ್ದಾಣದಲ್ಲಿ ಸೈಕಲ್ಲನ್ನು ರೈಲಿಗೆ ಹತ್ತಿಸುವಾಗಲೇ ನನಗೆ ದಣಿವಾಗಿತ್ತು. ಇನ್ನೂ ಒಂದು ಕಿಲೋಮೀಟರ್ ಕೂಡ ತುಳಿದಿರಲಿಲ್ಲ. ಎರಡು ದಿನದಿಂದ ನಿದ್ದೆ ಸರಿಯಾಗಿ ಬಂದಿರಲಿಲ್ಲ. ಅದರ ಕಾರಣ ನನಗೆ ಗೊತ್ತಿತ್ತು. ಹಿಂದೆ ನಿಂತು ನನ್ನ ಸೈಕಲ್ಲಿನ ಗಾಲಿ ಎತ್ತಿಕೊಡುತ್ತಿದ್ದ ಗೆಳೆಯನಿಗೆ ಗೊತ್ತಿರಲಿಲ್ಲ.

ಜರ್ಮನಿ ನಮ್ಮಂಥವರಿಗೆ ಗ್ರೀನ್ ಕಾರ್ಡ್ ಕೊಡುತ್ತಿದ್ದ ವರ್ಷಗಳವು. ಹೆಸರು ದೊಡ್ಡದು, ನಿಜದಲ್ಲಿ ಅದು ಐದು ವರ್ಷದ ಪರವಾನಗಿ, ಕೆಲಸವಿದ್ದರೆ ಮಾತ್ರ ಅದಕ್ಕೆ ಅರ್ಥ. ನಾನು ಗದಗಿನ ಕಡೆಯವನು, ಅವನು ವಿಜಾಪುರದವನು. ಊರ ಹೊರಗಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಎದುರುಬದುರು ಮೇಜಿನಲ್ಲಿ ಕೂತು ಒಂದೇ ಪ್ರೋಗ್ರಾಮನ್ನು ಇಬ್ಬರೂ ತಿದ್ದುತ್ತಿದ್ದೆವು. ಇಡೀ ಕಚೇರಿಯಲ್ಲಿ ಕನ್ನಡ ಬರುವವರು ನಾವಿಬ್ಬರೇ. ಅಂಗಡಿಗಳೆಲ್ಲ ಬಾಗಿಲು ಹಾಕಿಕೊಳ್ಳುವ ಇಲ್ಲಿನ ಭಾನುವಾರಗಳನ್ನು ಹೇಗೆ ಕಳೆಯುವುದೆಂದು ತಿಳಿಯದೆ ಒದ್ದಾಡುತ್ತಿದ್ದ ನನಗೆ ಹಳೆಯ ರೇಸ್ ಸೈಕಲ್ಲೊಂದನ್ನು ಹುಡುಕಿ ಕೊಡಿಸಿದವನು ಅವನೇ. ಗುಡ್ಡ ಹತ್ತುವಾಗ ಉಸಿರು ಹೇಗೆ ಹಿಡಿಯಬೇಕು, ಯಾವ ಗೇರು ಯಾವಾಗ ಅಂತ ಹೇಳಿಕೊಟ್ಟವನೂ ಅವನೇ.

ಗುರುವಾರ ಮಧ್ಯಾಹ್ನ ವಿಭಾಗದ ಮುಖ್ಯಸ್ಥೆ ನನ್ನನ್ನು ತನ್ನ ಕೋಣೆಗೆ ಕರೆದಿದ್ದಳು. ಕೆಟ್ಟ ಹೆಂಗಸಲ್ಲ. ಬಾಗಿಲು ತಾನೇ ಎದ್ದು ಮುಚ್ಚಿ, ಕಾಫಿ ಕೊಟ್ಟು, ಬಹಳ ಹೊತ್ತು ಮಾತು ಹುಡುಕಿದಳು. ಕಂಪನಿಗೆ ಕೆಲಸ ಬರುತ್ತಿಲ್ಲ, ಹೊಸ ವರ್ಷಕ್ಕೆ ನಿಮ್ಮಿಬ್ಬರಲ್ಲಿ ಒಬ್ಬರನ್ನಷ್ಟೇ ಇಟ್ಟುಕೊಳ್ಳಲು ಸಾಧ್ಯ ಎಂದಳು. "ನಿನ್ನ ಅಭಿಪ್ರಾಯ ಕೇಳುವುದು ನ್ಯಾಯವಲ್ಲ, ಗೊತ್ತು. ಆದರೂ ಕೇಳುತ್ತಿದ್ದೇನೆ."

ಇಬ್ಬರೂ ಬೇಕು ಎಂದೆ. ಅದಾಗದು ಎಂಬಂತೆ ಅವಳು ತಲೆಯಾಡಿಸಿದಳು. ಆಮೇಲೆ ನಾನು ಮಾತಾಡಿದೆ. ಗ್ರಾಹಕರೊಂದಿಗೆ ಫೋನಿನಲ್ಲಿ ಮಾತಾಡುವವನು ನಾನು, ಜರ್ಮನ್ ತಕ್ಕಮಟ್ಟಿಗೆ ಬರುತ್ತದೆ, ಹಳೆಯ ಪ್ರೋಗ್ರಾಮಿನ ಕಾಗದಪತ್ರಗಳನ್ನೆಲ್ಲ ಬರೆದವನು ನಾನು ಎಂದೆಲ್ಲ ಹೇಳಿದೆ. ಒಂದೂ ಸುಳ್ಳಲ್ಲ. ಅವನ ಹೆಸರು ನನ್ನ ಬಾಯಿಂದ ಬರಲಿಲ್ಲ, ಬರಬೇಕಾದ ಅಗತ್ಯವೂ ಇರಲಿಲ್ಲ. ಅವಳು ಒಂದೆರಡು ಸಾಲು ಬರೆದುಕೊಂಡು, "ಸದ್ಯಕ್ಕೆ ಇದು ನಮ್ಮಿಬ್ಬರಲ್ಲೇ ಇರಲಿ" ಎಂದಳು.

ಕಪ್ಪು ಕಾಡು ಎಂಬ ಗುಡ್ಡಗಾಡಿನ ಕಣಿವೆಗಳಲ್ಲಿ ಎರಡು ದಿನ ಸೈಕಲ್ ಹೊಡೆಯುವುದೆಂದು ನಾವು ತಿಂಗಳ ಹಿಂದೆಯೇ ಗೊತ್ತುಮಾಡಿಕೊಂಡಿದ್ದೆವು. ತಪ್ಪಿಸಿಕೊಳ್ಳಲು ನೆಪ ಹುಡುಕಿದೆ, ಸಿಗಲಿಲ್ಲ.

ಬಾಡೆನ್-ಬಾಡೆನ್‌ನಲ್ಲಿ ರೈಲಿಳಿದು ಮೊದಲ ಘಟ್ಟ ಹತ್ತಿದೆವು. ಅಕ್ಟೋಬರಿನ ಬಿಸಿಲು ಮರಗಳ ನಡುವೆ ಪಟ್ಟೆಪಟ್ಟೆಯಾಗಿ ರಸ್ತೆಗೆ ಬಿದ್ದಿತ್ತು. ನನಗೆ ಕಾಣುತ್ತಿದ್ದದ್ದು ಮುಂದಿನ ಚಕ್ರ ಮತ್ತು ಅದರ ಮುಂದಿನ ನಾಲ್ಕು ಗೇಣು ಟಾರು. ಘಟ್ಟದ ನೆತ್ತಿ ಮುಟ್ಟುವ ಹೊತ್ತಿಗೆ ನಾನು ಬಹಳ ಹಿಂದೆ ಬಿದ್ದಿದ್ದೆ. ಅವನು ಆಗಲೇ ಮೇಲೆ ನಿಂತು ನೀರು ಕುಡಿಯುತ್ತಿದ್ದ.

"ಏನೋ ದೋಸ್ತ, ಇವತ್ತ ಮೈಯಾಗ ಜೀವಾನ ಇಲ್ಲಲ್ಲ ನಿಂದು? ಆರಾಮ ಅದೀಯಿಲ್ಲೋ?"

"ನಿದ್ದಿ ಆಗಿಲ್ಲ," ಎಂದೆ.

"ಹಂಗಾರ ನನ್ನ ಹಿಂದ ಬಾ. ಮುಂದ ಹೋಗಬ್ಯಾಡ."

ಇಳಿಜಾರು ಮುಗಿದು ಮುರ್ಗ್ ನದಿಯ ಕಣಿವೆ ಸಿಕ್ಕಿತು. ನದಿಯ ಗುಂಟ ಮೇಲಕ್ಕೆ ಇಪ್ಪತ್ತೈದು ಕಿಲೋಮೀಟರ್, ಎದುರು ಗಾಳಿ. ಆ ಇಪ್ಪತ್ತೈದೂ ಕಿಲೋಮೀಟರ್ ಅವನೇ ಮುಂದಿದ್ದ. ಮುಂದಿನವನು ಗಾಳಿಯನ್ನು ಎದೆಗೆ ತೆಗೆದುಕೊಂಡರೆ ಹಿಂದಿನವನಿಗೆ ಅರ್ಧ ಕೆಲಸ ಕಡಿಮೆ. ಸರದಿಯಂತೆ ಜಾಗ ಬದಲಿಸುವುದು ಸೈಕಲ್ಲಿನವರ ರೂಢಿ. ನಾನು ಒಮ್ಮೆಯೂ ಮುಂದೆ ಹೋಗಲಿಲ್ಲ, ಅವನು ಒಮ್ಮೆಯೂ ಕೇಳಲಿಲ್ಲ. ನದಿಯಲ್ಲಿ ಆನೆಗಾತ್ರದ ಬಂಡೆಗಳಿದ್ದವಂತೆ. ಅವನು ಕೈ ತೋರಿಸಿ ಕೂಗುತ್ತಿದ್ದ. ನಾನು ಅವನ ಬೆನ್ನಿನ ಮೇಲೆ ಹರಡುತ್ತಿದ್ದ ಬೆವರಿನ ಕಲೆಯನ್ನೇ ನೋಡುತ್ತ ತುಳಿದೆ.

ಸಂಜೆ ಬಾಯರ್ಸ್‌ಬ್ರೋನ್‌ನಲ್ಲಿ ಒಂದು ಸಣ್ಣ ವಸತಿಗೃಹ ಹಿಡಿದೆವು. ಅವನು ಸೂಪಿನಲ್ಲಿ ಹಂದಿಮಾಂಸ ಇದೆಯೇ ಎಂದು ಕೇಳಿದ, ನಾನು ಯಾವ ಮಾಂಸವಾದರೂ ಇದೆಯೇ ಎಂದು ಕೇಳಿದೆ. ಬಡಿಸುವಾಕೆ ನಮ್ಮಿಬ್ಬರನ್ನೂ ನೋಡಿ ನಕ್ಕು, ಚೀಸಿನಲ್ಲಿ ಕಲಸಿದ ಬಿಸಿ ಶ್ಪೆಟ್ಸ್ಲೆಯ ಎರಡು ತಟ್ಟೆ ತಂದಿಟ್ಟಳು. ಶಾವಿಗೆಗಿಂತ ದಪ್ಪ, ಮೇಲೆ ಹುರಿದ ಉಳ್ಳಾಗಡ್ಡಿ. ಊಟದುದ್ದಕ್ಕೂ ಅವನು ಮನೆಯ ಸುದ್ದಿ ಹೇಳಿದ. ಹೆಂಡತಿಗೆ ವೀಸಾ ಆಗಿತ್ತು. ಡಿಸೆಂಬರಿನಲ್ಲಿ ಬರುತ್ತಾಳೆ. ಎರಡು ಕೋಣೆಯ ಬಾಡಿಗೆ ಮನೆ, ಇಲ್ಲಿನವರ ವೋನುಂಗ್, ಸಿಕ್ಕಿದೆ. ಇಲ್ಲಿನ ಬಾಡಿಗೆ ಮನೆಗಳಿಗೆ ಅಡುಗೆಮನೆಯೇ ಇರುವುದಿಲ್ಲ, ಬರೀ ಗೋಡೆ, ನಲ್ಲಿಯ ಪೈಪು ಅಷ್ಟೇ. ಊರು ಬಿಡುತ್ತಿದ್ದ ವಯಸ್ಸಾದ ದಂಪತಿಯೊಂದರ ಕಪಾಟು, ಒಲೆ, ಪಾತ್ರೆ ತೊಳೆಯುವ ತೊಟ್ಟಿ ಎಲ್ಲವನ್ನೂ ಇವನೇ ಹೋಗಿ ಕಿತ್ತು ತಂದು ನೆಲಮಾಳಿಗೆಯಲ್ಲಿ ಪೇರಿಸಿದ್ದ.

"ಮುಂದಿನ ಶನಿವಾರ ನೀ ಬರಬೇಕು ನೋಡು. ಒಬ್ಬನ ಕೈಲಿ ಆಗಂಗಿಲ್ಲ. ಮ್ಯಾಲಿನ ಕಪಾಟ ಒಬ್ರು ಹಿಡೀಬೇಕು, ಒಬ್ರು ಸ್ಕ್ರೂ ಹಾಕಬೇಕು."

"ಬರ್ತೀನಿ," ಎಂದೆ. ಉಳಿದಿದ್ದ ಅರ್ಧ ತಟ್ಟೆ ಅವನ ಕಡೆ ಸರಿಸಿದೆ, ಅವನು ಅದನ್ನೂ ಮುಗಿಸಿದ.

ಮರುದಿನ ರೂಹೆಸ್ಟೈನ್ ಘಟ್ಟ. ಬೆಳಿಗ್ಗೆ ಎದ್ದಾಗಲೇ ಕಣಿವೆಯಲ್ಲಿ ಮಂಜು ತುಂಬಿತ್ತು. ಕೊನೆಯ ಹಳ್ಳಿ ದಾಟಿದ ಮೇಲೆ ರಸ್ತೆ ಕಡಿದಾಯಿತು. ಕೆಲವು ವರ್ಷದ ಹಿಂದೆ ಚಳಿಗಾಲದ ಬಿರುಗಾಳಿಯೊಂದು ಅಲ್ಲಿನ ಗುಡ್ಡಗಳ ಕಾಡನ್ನು ನೆಲಕ್ಕೆ ಮಲಗಿಸಿತ್ತು. ಮಂಜು ಸರಿದಲ್ಲೆಲ್ಲ ಮೊಂಡು ಬುಡಗಳು, ಬೇರು ಮೇಲಾಗಿ ಬಿದ್ದ ಬೊಡ್ಡೆಗಳು, ನಡುವೆ ಮೊಣಕಾಲೆತ್ತರದ ಹೊಸ ಗಿಡಗಳು. ಎಲ್ಲಕ್ಕಿಂತ ಹಗುರವಾದ ಕೊನೆಯ ಗೇರಿಗೆ ಬಂದು ಬಹಳ ಹೊತ್ತಾಗಿತ್ತು. ಒಂದು ತಿರುವಿನಲ್ಲಿ ಸೈಕಲ್ ನಿಂತೇ ಹೋಯಿತು. ಇಳಿದು, ರಸ್ತೆಬದಿಯ ಕಂಬಿಗೆ ಒರಗಿಸಿ, ಒದ್ದೆ ಹುಲ್ಲಿನ ಮೇಲೆ ಕೂತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಬ್ರೇಕಿನ ಕಿರುಗುಟ್ಟುವ ಸದ್ದು ಕೇಳಿಸಿತು. ಹತ್ತಿದಷ್ಟು ಘಟ್ಟವನ್ನು ಇಳಿದು ಅವನು ನನ್ನನ್ನು ಹುಡುಕಿಕೊಂಡು ವಾಪಸು ಬಂದಿದ್ದ. ಜೇಬಿನಿಂದ ಖರ್ಜೂರ ತೆಗೆದು ನನ್ನ ಅಂಗೈಗೆ ಹಾಕಿದ.

"ತಿನ್ನು. ಇನ್ನ ಬರೇ ಮೂರ್ ಕಿಲೋಮೀಟರ್. ನಾ ಬಾಜೂಕ ಬರ್ತೀನಿ, ಸಾವಕಾಶ ಹೋಗೂಣು."

ಖರ್ಜೂರ ಕೈಯಲ್ಲೇ ಹಿಡಿದುಕೊಂಡು ಹೇಳಿದೆ. ಮುಖ್ಯಸ್ಥೆ ಕರೆದದ್ದು, ಕೇಳಿದ್ದು, ನಾನು ಅಂದದ್ದು. ಬಿಡದೆ ಹೇಳಿದೆ. ಹೇಳುವಾಗ ಅವನ ಮುಖ ನೋಡಲಿಲ್ಲ, ಅವನ ಬೂಟು ನೋಡುತ್ತಿದ್ದೆ.

ಒಂದು ಕಾರು ದೀಪ ಹಾಕಿಕೊಂಡು ಮಂಜಿನಲ್ಲಿ ಮೇಲೆ ಹೋಯಿತು.

"ಯಾವತ್ತ ಕೇಳಿದ್ಲು?"

"ಗುರುವಾರ."

"ಇವತ್ತ ಆಯ್ತವಾರ." ಬೆರಳಿನಲ್ಲಿ ಲೆಕ್ಕ ಹಾಕುವವನಂತೆ ನಿಂತ. "ಅಂದ್ರ ನಿನ್ನಿ ನಿನಗ ಗೊತ್ತಿತ್ತು. ಗೊತ್ತಿದ್ದೂ ಇಡೀ ದಿವಸ ನನ್ನ ಬೆನ್ನ ಹಿಂದ ಗಾಳಿ ತಪ್ಪಿಸ್ಕೊಂಡ ಬಂದಿ."

ಹೌದು ಎಂದು ತಲೆಯಾಡಿಸಿದೆ.

"ನನ್ನ ಹೆಸರ ತಗೊಂಡ್ಯೇನು?"

"ಇಲ್ಲ. ನಂದಷ್ಟ ಹೇಳಿದೆ."

"ಎರಡೂ ಅದ ಆತಲ್ಲ," ಎಂದ. ಸಿಟ್ಟಿನ ದನಿಯಲ್ಲ. ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಸೈಕಲ್ ತಿರುಗಿಸಿ, "ಏಳು, ಮಳಿ ಬರೂ ಹಂಗ ಐತಿ," ಅಂದು ಹತ್ತತೊಡಗಿದ. ಈ ಸಲ ಹಿಂದೆ ತಿರುಗಿ ನೋಡಲಿಲ್ಲ.

ಉಳಿದ ದಾರಿಯ ಅರ್ಧವನ್ನು ನಾನು ಸೈಕಲ್ ತಳ್ಳಿಕೊಂಡೇ ಹತ್ತಿದೆ. ನೆತ್ತಿಯಲ್ಲಿ ಅವನಿರಲಿಲ್ಲ. ಆ ಕಡೆಯ ಇಳಿಜಾರಿನಲ್ಲಿ ಮಳೆ ಹಿಡಿಯಿತು. ಬ್ರೇಕು ಹಿಡಿದು ಹಿಡಿದು ಬೆರಳು ಮರಗಟ್ಟಿದವು. ಪ್ರತಿ ತಿರುವಿನಲ್ಲೂ ಇಳಿದು ಕೈ ಉಜ್ಜಿಕೊಳ್ಳಬೇಕಾಯಿತು. ಕೆಳಗೆ ದ್ರಾಕ್ಷಿ ತೋಟಗಳು ಬಂದವು, ಮನೆಗಳು ಬಂದವು. ಯಾವುದನ್ನೂ ನಿಂತು ನೋಡಲಿಲ್ಲ. ಆಖರ್ನ್ ನಿಲ್ದಾಣ ತಲುಪಿದಾಗ ಅವನು ಬೆಂಚಿನ ಮೇಲೆ ಕೂತಿದ್ದ. ಮೈಯೆಲ್ಲ ಒದ್ದೆ. ಒಂದು ರೈಲು ಆಗಲೇ ಹೋಗಿತ್ತು. ಅದಕ್ಕೆ ಅವನು ಹತ್ತಿರಲಿಲ್ಲ.

ರೈಲಿನಲ್ಲಿ ಅವನು ಕೆಲಸದ ಮಾತು ಮಾತ್ರ ಆಡಿದ. ಜನವರಿ ಒಂದಕ್ಕೇ ಅಂದಳೋ, ಸುಮ್ಮನೆ ಹೊಸ ವರ್ಷ ಅಂದಳೋ? ನೋಟಿಸು ಕೊಟ್ಟ ಮೇಲೆ ಎಷ್ಟು ವಾರ? ಬೇರೆ ಕಂಪನಿ ಹಿಡಿದರೆ ಪರವಾನಗಿಗೆ ಮತ್ತೆ ಕಚೇರಿ ಸುತ್ತಬೇಕೇ? ಗೊತ್ತಿದ್ದಷ್ಟು ಹೇಳಿದೆ. ಕಾರ್ಲ್ಸ್‌ರೂಹ ದಾಟಿದ ಮೇಲೆ ಇಬ್ಬರೂ ಕೂತಲ್ಲೇ ನಿದ್ದೆಹೋದೆವು.

ಶನಿವಾರ ನಾನು ಅವನ ಮನೆಗೆ ಹೋದೆ. ಬಾಗಿಲು ತೆಗೆದವನು ಒಂದು ಕ್ಷಣ ಹಾಗೇ ನಿಂತ, ಆಮೇಲೆ ಪಕ್ಕಕ್ಕೆ ಸರಿದ. ಮೇಲಿನ ಕಪಾಟುಗಳನ್ನು ನಾನು ತಲೆಯ ಮೇಲೆ ಎತ್ತಿ ಹಿಡಿದೆ, ಅವನು ಸ್ಕ್ರೂ ಹಾಕಿದ. ಮಧ್ಯಾಹ್ನದ ತನಕ ನಮ್ಮ ನಡುವೆ "ಎಡಕ್ಕ", "ಇನ್ನಷ್ಟ ಮ್ಯಾಲ" ಬಿಟ್ಟರೆ ಮಾತಿರಲಿಲ್ಲ. ತೊಟ್ಟಿಗೆ ನಲ್ಲಿ ಜೋಡಿಸಿ ನೀರು ಬಿಟ್ಟಾಗ, "ಹೆಂಡ್ತಿಗೆ ಇನ್ನೂ ಹೇಳಿಲ್ಲ. ಮೊದ್ಲ ಬಂದ ಮುಟ್ಲಿ," ಎಂದ.

ಆ ಘಟ್ಟ ಹತ್ತಿದ ಎರಡು ವಾರಕ್ಕೆ ಕೆಲಸದಿಂದ ತೆಗೆದ ಕಾಗದ ಅವನಿಗೆ ಬಂತು. ಅಷ್ಟರಲ್ಲಿ ಅವನು ಹತ್ತಾರು ಕಡೆ ಅರ್ಜಿ ಹಾಕಿಯಾಗಿತ್ತು. ಹೆಂಡತಿ ಬಂದಳು. ಮಾರ್ಚಿನಲ್ಲಿ ಅವನಿಗೆ ಬಾನ್‌ನಲ್ಲಿ ಕೆಲಸ ಸಿಕ್ಕಿತು. ಜೋಡಿಸಿದ ಅಡುಗೆಮನೆಯನ್ನು ಮತ್ತೆ ಬಿಚ್ಚಿ ಲಾರಿಗೆ ಏರಿಸುವ ದಿನವೂ ನಾನು ಹೋಗಿದ್ದೆ. ನಾನು ಉಳಿಸಿಕೊಂಡ ಕುರ್ಚಿ ಇನ್ನೂ ಒಂದೂವರೆ ವರ್ಷ ಇತ್ತು. ಆಮೇಲೆ ಕಂಪನಿಯೇ ಮುಚ್ಚಿತು. ನಾನೂ ಅರ್ಜಿ ಹಿಡಿದು ಅಲೆದೆ. ಆ ತಿಂಗಳುಗಳಲ್ಲಿ ಅವನು ಎರಡು ಬಾರಿ ಫೋನು ಮಾಡಿ ಅಲ್ಲಿ ಕೇಳು, ಇಲ್ಲಿ ಕೇಳು ಎಂದು ಹೇಳಿದ. ಒಂದು ಕಡೆ ಕೆಲಸವೂ ಆಯಿತು.

ಬಹಳ ವರ್ಷದ ಮೇಲೆ ಅವನ ಮನೆಗೆ ಊಟಕ್ಕೆ ಹೋಗಿದ್ದೆ. ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜರ್ಮನ್‌ನಲ್ಲಿ ಉತ್ತರ ಕೊಡುತ್ತಿದ್ದಳು. ಅವಳು ಎದ್ದು ಒಳಗೆ ಹೋದ ಮೇಲೆ, ಇಷ್ಟು ದಿನ ಕೇಳಬೇಕೆಂದುಕೊಂಡು ಬಿಟ್ಟದ್ದನ್ನು ಕೇಳಿದೆ. ಆ ವಿಷಯ ಇನ್ನೂ ಮನಸ್ಸಿನಲ್ಲಿ ಇದೆಯೇ ಎಂದು.

ಅವನು ಮೊಸರಿನ ಬಟ್ಟಲು ನನ್ನ ಕಡೆ ಸರಿಸಿದ.

"ನೀ ಹೇಳದಿದ್ರೂ ಕಾಗದ ಬರೂದು ಬರ್ತಿತ್ತು. ಹೇಳಿದ್ದಕ್ಕ ಎರಡ ವಾರ ಮೊದ್ಲ ಓಡ್ಯಾಡಾಕ ಸಿಕ್ತು. ಅದೂ ಖರೆ." ತಡೆದು, "ಅವತ್ತ ನನ್ನ ಬೆನ್ನ ಹಿಂದ ಗಾಳಿ ತಪ್ಪಿಸ್ಕೊಂಡಿದ್ದೂ ಖರೆ," ಎಂದ.

ಒಳಗಿಂದ ಮಗಳು ಅಪ್ಪನನ್ನು ಏನೋ ಕೇಳಲು ಕೂಗಿದಳು. ಅವನು ಎದ್ದು ಕೈ ತೊಳೆದುಕೊಂಡು ಒಳಗೆ ಹೋದ. ನಾನು ಅನ್ನಕ್ಕೆ ಮೊಸರು ಹಾಕಿಕೊಂಡು ಉಂಡೆ.