ಸೈನೈಡ್ ದಿಬ್ಬಕ್ಕೆ ಇಳಿದ ವಿಮಾನ

"ಇಂಜಿನ್ ಆಫಾಗೋಯ್ತು ಕಣ್ಲಾ!" ಎಂದು ಮಾವ ಕೂಗಿದ. ನಮ್ಮ ಗಣಿ ಊರು ಚಾಂಪಿಯನ್ ರೀಫ್ಸ್ ಮೇಲೆ ಪಲ್ಟಿ ಹೊಡೆಯುತ್ತಿದ್ದ ಪುಟ್ಟ ವಿಮಾನ ಸದ್ದಿಲ್ಲದೆ ಇಳಿಯತೊಡಗಿತು. ನಾವು ನಿಂತಿದ್ದ ಸೈನೈಡ್ ದಿಬ್ಬ, ಹಳೇ ಗಣಿಯವರು ಸೈನೈಡ್ ಹಾಕಿ ಚಿನ್ನ ತೆಗೆದುಳಿದ ಮಣ್ಣು ಸುರಿದದ್ದು, ಮೇಲಿನಿಂದ ಗಟ್ಟಿ ಮೈದಾನದಂತೆ ಕಂಡಿರಬೇಕು. ಹಿಂದಿನ ದಿನದ ಮಳೆಗೆ ಒಳಗೆಲ್ಲ ಕೆಸರಾಗಿತ್ತು.

ಮಾವ ದನ ಅಟ್ಟುವಂತೆ ಟವೆಲ್ ಬೀಸಿದ. "ಬ್ಯಾಡ ಕಣಪ್ಪೋ, ಅತ್ಲಾಗೋಗು!"

ವಿಮಾನ ನಮ್ಮತ್ತಲೇ ತಿರುಗಿತು. ಚಕ್ರ ಹೂತು ಮಗುಚಿಬಿತ್ತು. ಪೈಲಟನ್ನು ಹೊರಗೆಳೆದು ಮಲಗಿಸಿದೆವು.

"ನೀವೇ ಕರೆದ್ರಲ್ಲ," ಎಂದ.

"ಬರಬ್ಯಾಡ ಅಂದೆ ಕಣಪ್ಪಾ," ಎಂದು ಮಾವ ಅತ್ತ.

ಅವನಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಆಂಬುಲೆನ್ಸ್ ಬಂಗಾರಪೇಟೆ ಮುಟ್ಟುವ ಮೊದಲೇ ಸತ್ತ. "ಅವನ್ಗೆ ಕೇಳಿಸ್ತೇನ್ಲಾ?" ಎಂದು ಮಾವ ಇವತ್ತಿಗೂ ಕೇಳುತ್ತಾನೆ.